ತಿರುಗದ ಹ್ಯಾಂಡಲ್

ದುಬೈಯಲ್ಲಿ ಕೆಲಸಕ್ಕಿದ್ದ ನನ್ನ ತಮ್ಮ ಒಂದು ಸಲ ರಜೆಗೆ ಬಂದಾಗ ನನ್ನ ಮಗಳಿಗೆಂದು ಬಿಎಂಎಕ್ಸ್ ಸೈಕಲ್ ತಂದ. ರಟ್ಟಿನ ಪೆಟ್ಟಿಗೆಯೊಳಗೆ ಚಕ್ರ ಬೇರೆ, ಹ್ಯಾಂಡಲ್ ಬೇರೆಯಾಗಿ ಬಂದ ಅದನ್ನು ನಮ್ಮ ವರ್ತೂರಿನ ಸೈಕಲ್ ಶಾಪಿನವರು ಮಧ್ಯಾಹ್ನವೆಲ್ಲ ಕೂತು ಜೋಡಿಸಿಕೊಟ್ಟರು. ಗಿಡ್ಡ ಚಕ್ರ, ಎತ್ತರದ ಹ್ಯಾಂಡಲ್, ಹಳದಿ ಬಣ್ಣ. ಎಂಬತ್ತರ ದಶಕದ ಕೊನೆಯ ದಿನಗಳವು. ನಮ್ಮ ಕಡೆ ಅಂಥ ಸೈಕಲ್ಲನ್ನು ಯಾರೂ ಕಂಡಿರಲಿಲ್ಲ. ಹತ್ತು ವರ್ಷದ ಮಗಳು ಅದರ ಮೇಲೆ ಹತ್ತಿದರೆ ಊಟಕ್ಕೆ ಕರೆದರೂ ಇಳಿಯುತ್ತಿರಲಿಲ್ಲ. "ಎಣ್ಣುಡ್ಗಿಗೆ ಇದೆಲ್ಲಾ ಯಾಕಮ್ಮಾ?" ಎಂದು ನಮ್ಮತ್ತೆ ಗೊಣಗುತ್ತಲೇ ಇದ್ದರು.

ಕೆಲವು ತಿಂಗಳಾದ ಮೇಲೆ ಮಗಳು, "ಅಮ್ಮಾ, ಬ್ರೇಕ್ ಹಿಡಿದ್ರೆ ಹ್ಯಾಂಡಲ್ ಕಟಕಟ ಅಂತೈತೆ" ಎಂದಳು. ನಾನೇ ಅವಳ ಜೊತೆ ಶಾಪಿಗೆ ಹೋದೆ. ಶಾಪಿನವರು ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದಕ್ಕೂ ಮುಂದಕ್ಕೂ ತಳ್ಳಿ ನೋಡಿದರು. ಹ್ಯಾಂಡಲ್ ಬುಡದಲ್ಲಿ ಕೀಲು ಸಡಿಲವಾದ ಬಾಗಿಲಿನಂಥ ಸದ್ದು. "ಒಳಗೆ ಕಪ್ ಐತಕ್ಕಾ, ಕಪ್ಪೊಳಗೆ ಗುಂಡುಗಳಿರ್ತವೆ. ಅದು ಲೂಸಾಗೈತೆ, ಅಷ್ಟೆ" ಎಂದು ದೊಡ್ಡ ಸ್ಪ್ಯಾನರ್ ಹಾಕಿ ಬಿಗಿದರು. ಸದ್ದು ನಿಂತಿತು. ಮಗಳು ಅಲ್ಲಿಂದಲೇ ಸೈಕಲ್ ಹತ್ತಿ ನೇರ ದಾರಿಯಲ್ಲಿ ಕೆರೆ ಏರಿಯ ಕಡೆ ಹೊರಟಳು. ನಾನು ಹಿಂದೆ ನಡೆದು ಬರುತ್ತಿದ್ದೆ.

ಏರಿ ತೂಬಿನ ಹತ್ತಿರ ಎಡಕ್ಕೆ ಬಾಗುತ್ತದೆ. ಬಲಗಡೆ ಕೆರೆ. ಆ ವರ್ಷ ಮಳೆ ಚೆನ್ನಾಗಿ ಆಗಿ ನೀರು ಏರಿಯ ಕಲ್ಲುಕಟ್ಟಣೆಯವರೆಗೂ ನಿಂತಿತ್ತು. ಮಗಳು ತಿರುವಿಗೆ ಬಂದಳು. ತಿರುಗಲಿಲ್ಲ. ಅವಳ ಭುಜ ಎಡಕ್ಕೆ ಎಳೆಯುತ್ತಿರುವುದು ನನಗೆ ಕಾಣುತ್ತಿತ್ತು. ಸೈಕಲ್ ಮಾತ್ರ ಯಾರೋ ಹಗ್ಗ ಕಟ್ಟಿ ಎಳೆದ ಹಾಗೆ ನೇರವಾಗಿ ಹೋಗಿ, ಏರಿಯ ಅಂಚು ದಾಟಿ, ಕಣ್ಣಿಗೆ ಕಾಣದಾಯಿತು.

ಓಡಿದೆನೆಂದು ಆಮೇಲೆ ಜನ ಹೇಳಿದರು. ನನಗೆ ನೆನಪಿರುವುದು ಈಜು ಬರುವುದಿಲ್ಲ ಎಂಬ ಒಂದೇ ಯೋಚನೆ. ಅಂಚಿಗೆ ಬಂದು ಬಗ್ಗಿ ನೋಡಿದರೆ ಮಗಳು ಸೊಂಟದವರೆಗಿನ ನೀರಲ್ಲಿ ಜೊಂಡಿನ ಮಧ್ಯೆ ನಿಂತಿದ್ದಳು. ಮೊಣಕೈ ತರಚಿ ರಕ್ತ ಬರುತ್ತಿತ್ತು. ಅವಳು ಅಳುತ್ತಿರಲಿಲ್ಲ. ಒಂದು ಕೈಯಲ್ಲಿ ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡೇ ಇದ್ದಳು.

ಸಂಜೆ ನನ್ನ ಗಂಡ ದೊಡ್ಡನೆಕ್ಕುಂದಿಯ ಫ್ಯಾಕ್ಟರಿಯಿಂದ ಬಂದವರು ವಿಷಯ ಕೇಳಿ ಬಿಳಿಚಿಕೊಂಡರು. ಹೆದರಿಕೆಯೆಲ್ಲ ಕೋಪವಾಗಿ ಹೊರಬಂತು. "ಓಡ್ಸಕ್ಕೆ ಬರಲ್ಲ ಅಂದ್ಮೇಲೆ ಯಾಕೆ ಕೊಟ್ಟೆ? ಭಾನುವಾರ ಅದನ್ನ ಗುಜರಿಗೆ ಆಕ್ಬಿಡ್ತೀನಿ" ಎಂದರು. ಅತ್ತೆ ಮೊಮ್ಮಗಳಿಗೆ ದೃಷ್ಟಿ ತೆಗೆದು, "ನಾನಾಗ್ಲೇ ಯೋಳ್ಲಿಲ್ವಾ?" ಎಂದರು.

ಮಗಳು ಎಲ್ಲರೂ ಸುಮ್ಮನಾಗುವವರೆಗೆ ಕಾದು ನನ್ನ ಹತ್ತಿರ ಬಂದಳು. "ಅಮ್ಮಾ, ನಾನು ತಿರುಗ್ಸಿದೆ. ಅದು ತಿರುಗ್ಲಿಲ್ಲ. ನೀನಾದ್ರೂ ನಂಬ್ತೀಯಾ?"

ನಂಬುತ್ತೇನೆಂದೆ. ಆದರೂ ಬೆಳಿಗ್ಗೆ ಗಂಡ ಕೆಲಸಕ್ಕೆ ಹೋದ ಮೇಲೆ ಹಿತ್ತಲಿಗೆ ಹೋಗಿ, ಕೆಸರು ಒಣಗಿದ್ದ ಆ ಸೈಕಲ್ಲಿನ ಮುಂದಿನ ಚಕ್ರವನ್ನು ಒಂದು ಕೈಯಿಂದ ಎತ್ತಿ ಹಿಡಿದು ಹ್ಯಾಂಡಲನ್ನು ಪಕ್ಕಕ್ಕೆ ತಳ್ಳಿದೆ. ಅದು ಗರಗರ ಎಂದು ಸ್ವಲ್ಪ ದೂರ ಹೋಗಿ ಅಲ್ಲೇ ನಿಂತಿತು. ವಾಪಸು ತರಬೇಕಾದರೆ ನನ್ನಂಥ ದೊಡ್ಡವಳಿಗೇ ಶಕ್ತಿ ಹಾಕಬೇಕಾಯಿತು. ಹಿಂದಿನ ದಿನ ಹೆದರಿದ್ದಕ್ಕಿಂತ ಹೆಚ್ಚಾಗಿ ಹೆದರಿದೆ. ಇಂಥದ್ದನ್ನು ಹಿಡಿದುಕೊಂಡು ಮಗು ಆ ತಿರುವಿನಲ್ಲಿ ಗುದ್ದಾಡಿತ್ತು.

ಮಗಳನ್ನು ಕರೆದುಕೊಂಡು, ಸೈಕಲ್ಲನ್ನು ತಳ್ಳಿಕೊಂಡು ಶಾಪಿಗೆ ಹೋದೆ. ಜಗಳವಾಡುವ ಉದ್ದೇಶವೇ ಇತ್ತು. ಆದರೆ ನಮ್ಮನ್ನು ಕಂಡೊಡನೆ ಶಾಪಿನವರು ಕೈಯಲ್ಲಿದ್ದ ಟ್ಯೂಬ್ ಕೆಳಗಿಟ್ಟು ಎದ್ದು ನಿಂತರು. ಸುದ್ದಿ ಮುಟ್ಟಿತ್ತು. ಮಗಳ ಮೊಣಕೈಯ ಪಟ್ಟಿ ನೋಡಿದರು. ಹ್ಯಾಂಡಲ್ ತಿರುಗಿಸಿ ನೋಡಿದರು. "ಅಲ್ಲಾಡ್ಬಾರ್ದು ಅಂತ ಪೂರಾ ಬಿಗಿದ್ಬಿಟ್ಟೆ ಅಕ್ಕಾ. ಗುಂಡು ಉರುಳಕ್ಕೆ ಜಾಗಾನೇ ಇಲ್ಲ. ನನ್ ತಪ್ಪು."

"ಸರಿ ಮಾಡ್ಕೊಡಿ ಮತ್ತೆ."

"ಬ್ಯಾಡಕ್ಕಾ. ನಾನು ಮುಟ್ಟಲ್ಲ. ನಂಗೂ ಈ ವಯಸ್ಸಿನ್ ಮಗಳವ್ಳೆ. ರಾತ್ರಿಯೆಲ್ಲಾ ಅದೇ ಕಣ್ಮುಂದೆ." ಸೈಕಲ್ಲನ್ನು ನನ್ನ ಕಡೆಗೇ ತಳ್ಳಿದರು.

ಬೇರೆ ಶಾಪಿಗೆ ಹೋಗಬಹುದಿತ್ತು. ಯಾಕೋ ಬೇರೆ ಯಾರ ಕೈಯನ್ನೂ ನಂಬುವ ಮನಸ್ಸಾಗಲಿಲ್ಲ. "ಹಂಗಾದ್ರೆ ನೀವು ಹೇಳಿ ಅಣ್ಣಾ, ನಾನು ಮಾಡ್ತೀನಿ" ಎಂದುಬಿಟ್ಟೆ.

ಅವರು ಕೈ ಹಿಂದೆ ಕಟ್ಟಿಕೊಂಡು ನಿಂತು ಹೇಳಿದರು. ನಾನು ಸೆರಗು ಸಿಕ್ಕಿಸಿಕೊಂಡು ಕೂತೆ. ಮೇಲಿನ ನಟ್ ಬಿಚ್ಚಿದೆ, ವಾಷರ್ ತೆಗೆದೆ, ಅದರ ಕೆಳಗಿನ ಕಪ್ ಸಡಿಲಿಸಿದೆ. ಒಳಗೆ ಗ್ರೀಸ್ ಒಣಗಿ ಗುಂಡುಗಳು ಕಪ್ಪಾಗಿದ್ದವು, ಕೆರೆಯ ಮರಳೂ ಸೇರಿತ್ತು. ಸೀಮೆಎಣ್ಣೆಯಲ್ಲಿ ತೊಳೆದು ಗ್ರೀಸ್ ತುಂಬಿದೆ. ಕಪ್ಪನ್ನು ಬರಿಗೈಯಲ್ಲಿ ತಿರುಗಿಸುತ್ತಾ ಗುಂಡುಗಳಿಗೆ ತಾಗುವಲ್ಲಿಗೆ ನಿಲ್ಲಿಸಿದೆ. ಆಮೇಲೆ ಮೇಲಿನ ನಟ್ ಬಿಗಿದೆ. ನೋಡಿದರೆ ಮತ್ತೆ ಅದೇ ಗರಗರ.

"ನಟ್ ಜೊತೆ ಕಪ್ಪೂ ತಿರುಗ್ಬಿಡ್ತು. ಒಂದ್ ಸ್ಪ್ಯಾನರಲ್ಲಿ ಕಪ್ ಇಡ್ಕೊಂಡು ಇನ್ನೊಂದ್ರಲ್ಲಿ ನಟ್ ಬಿಗೀಬೇಕಕ್ಕಾ."

ಮತ್ತೆ ಬಿಚ್ಚಿದೆ. ಈ ಸಲ ಸಡಿಲವಾಯಿತು, ಬ್ರೇಕ್ ಹಿಡಿದು ತಳ್ಳಿದರೆ ಕಟ್ ಎಂದಿತು. ಸಡಿಲವಾದರೂ ಕಷ್ಟ, ಬಿಗಿಯಾದರೂ ಕಷ್ಟ, ನಡುವೆ ಇರುವ ಜಾಗ ಕೂದಲೆಳೆಯಷ್ಟು. ಇನ್ನೂ ಕೆಲವು ಸಲ ಬಿಚ್ಚಿ ಬಿಗಿದ ಮೇಲೆ ಸದ್ದು ಹೋಯಿತು. ಮುಂದಿನ ಚಕ್ರ ಎತ್ತಿದೆ. ಹ್ಯಾಂಡಲ್ ತನ್ನ ಭಾರಕ್ಕೆ ತಾನೇ ಮೆಲ್ಲಗೆ ಪಕ್ಕಕ್ಕೆ ವಾಲಿತು.

"ಇಂಗಿರ್ಬೇಕು" ಎಂದರು ಶಾಪಿನವರು. ಅಷ್ಟು ಹೊತ್ತಿಗೆ ಅವರ ಅಂಗಿ ಬೆವರಿನಿಂದ ಒದ್ದೆಯಾಗಿತ್ತು.

ಸೈಕಲ್ಲನ್ನು ಮಗಳ ಮುಂದೆ ನಿಲ್ಲಿಸಿದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದು ಬೇಡವೆಂದು ತಲೆಯಾಡಿಸಿದಳು. ಅವಳನ್ನು ಹತ್ತಿಸುವ ಧೈರ್ಯ ನನಗೂ ಇರಲಿಲ್ಲ. ಬಿಗಿದವಳು ನಾನು. ಏನಾದರೂ ಆದರೆ ಈ ಸಲ ಬೇರೆ ಯಾರನ್ನೂ ಬೈಯುವಂತಿಲ್ಲ.

"ನಾನ್ ಮೊದ್ಲು ಓಡಿಸ್ತೀನಿ" ಎಂದೆ.

ಮದುವೆಗೆ ಮುಂಚೆ ತೌರಿನಲ್ಲಿ ನಮ್ಮಣ್ಣನ ಸೈಕಲ್ ತುಳಿದದ್ದು ಬಿಟ್ಟರೆ ನನಗೆ ಆ ಸಹವಾಸವೇ ಇರಲಿಲ್ಲ. ಮೂವರೂ ಏರಿಗೆ ಹೋದೆವು. ಅಲ್ಲಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಸೈಕಲ್ ಮೇಲೆ ಕೂತೆ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಮಂಡಿ ಹ್ಯಾಂಡಲ್ಲಿಗೆ ಬಡಿಯುತ್ತಿತ್ತು. ನಾಚಿಕೆಪಡಲು ಪುರಸೊತ್ತಿರಲಿಲ್ಲ, ಭಯವೇ ಮೈತುಂಬ ಇತ್ತು. ತೂಬು ಹತ್ತಿರ ಬಂತು. ಬಲಗಡೆ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಅದೇ ಹೊತ್ತಿಗೆ ಎದುರಿನಿಂದ ಇಟ್ಟಿಗೆ ತುಂಬಿದ ಲಾರಿ ಹಾರ್ನ್ ಹೊಡೆಯುತ್ತಾ ಬಂತು. ಕೆರೆ ಕಡೆಯ ಅಂಚಿಗೆ ಸರಿಯದೆ ಬೇರೆ ದಾರಿಯಿರಲಿಲ್ಲ. ನೀರಿಗೆ ಅಷ್ಟು ಹತ್ತಿರದಲ್ಲಿ, ಲಾರಿ ದಾಟಿದೊಡನೆ, ಹ್ಯಾಂಡಲನ್ನು ಎಡಕ್ಕೆ ತಿರುಗಿಸಿದೆ.

ತಿರುಗಿತು. ಎಷ್ಟು ಸಲೀಸಾಗಿ ತಿರುಗಿತೆಂದರೆ ನಾನು ಹಾಕಿದ ಶಕ್ತಿ ಹೆಚ್ಚಾಗಿ ಏರಿಯ ಇನ್ನೊಂದು ಬದಿಯ ಹುಲ್ಲಿಗೆ ಹೋಗಿ ಬಿದ್ದೆ. ಶಾಪಿನವರೂ ಮಗಳೂ ಓಡಿ ಬಂದರು. "ಅಕ್ಕಾ! ಏಟಾಯ್ತಾ?" ಮಂಡಿ ತರಚಿತ್ತು. ಏನೂ ಆಗಿಲ್ಲವೆಂದೆ.

ಮಗಳು ಸೈಕಲ್ ಎತ್ತಿದಳು. ಚಕ್ರ ಎತ್ತಿ ಹ್ಯಾಂಡಲ್ ವಾಲುವುದನ್ನು ತಾನೇ ನೋಡಿದಳು, ಬ್ರೇಕ್ ಹಿಡಿದು ತಳ್ಳಿ ಸದ್ದಿಗೆ ಕಿವಿಗೊಟ್ಟಳು. ಬೇಡ, ನಾಳೆ, ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಹತ್ತಿ ಕೂತಿದ್ದಳು. ಬಂದ ದಾರಿಯಲ್ಲೇ ಸ್ವಲ್ಪ ದೂರ ಕಾಲು ನೆಲಕ್ಕೆ ಎಳೆಯುತ್ತಾ ಹೋದಳು. ಆಮೇಲೆ ಕಾಲು ಎತ್ತಿದಳು. ದೂರದಲ್ಲಿ ಸೈಕಲ್ ತಿರುಗಿಸಿಕೊಂಡು ಅದೇ ತಿರುವಿನ ಕಡೆಗೆ ಬರತೊಡಗಿದಳು.

"ಅಮ್ಮಾ, ತಿರುಗ್ತೈತೆ!" ಎಂದು ತಿರುವಿನಲ್ಲಿ ಬಾಗುತ್ತಲೇ ಕೂಗಿದಳು.

ನನಗಿಂತ ಮೊದಲು ಶಾಪಿನವರೇ ಉತ್ತರ ಕೊಟ್ಟರು: "ನಿಧಾನ ಮಗಾ, ನಿಧಾನ!"