ಶುಕ್ರವಾರದ ಉಪವಾಸ, ಒಂದು ಹೆಂಟೆ ಬೆಲ್ಲ

ಆ ಹುಡುಗಿಗೆ ಉಪವಾಸ ಮಾಡು ಎಂದು ಹೇಳಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಚರ್ಚಿನ ಸಭೆಯಲ್ಲಿ ಕೆಲವರು ಆ ದಿನ ನಡೆದದ್ದನ್ನು ಈಗಲೂ ಸೈತಾನನ ಕೆಲಸ ಎನ್ನುತ್ತಾರೆ. ಸೈತಾನ ಅವತ್ತು ಮೂಡಲಗಿಗೆ ಬಂದಿರಲಿಲ್ಲ. ನಾನು ಬಂದಿದ್ದೆ.

ನನ್ನ ತವರು ಹುಕ್ಕೇರಿ, ಕೊಟ್ಟದ್ದು ಗೋಕಾಕಕ್ಕೆ. ಬೆಳಗಾವಿಯಲ್ಲಿ ಓದಲು ಬಂದ ಬೇರೆ ದೇಶದ ಮಕ್ಕಳಿಗಾಗಿ ಅಲ್ಲಿನ ಪಾಸ್ಟರೊಬ್ಬರು ಪ್ರಾರ್ಥನೆ ಕೂಟ ನಡೆಸುತ್ತಾರೆ. ಹಾಸ್ಟೆಲ್ಲಿನ ಗೋಡೆ ನೋಡಿ ನೋಡಿ ಬಾಡಿಹೋಗುತ್ತಾರೆಂದು, ರಜೆ ಇದ್ದಾಗ ಇಬ್ಬರು ಮೂವರನ್ನು ರೈಲು ಹತ್ತಿಸಿ ಘಟಪ್ರಭಾಕ್ಕೆ ಕಳಿಸುತ್ತಾರೆ. ಅಲ್ಲಿಂದ ಅವರು ನಮ್ಮ ಮನೆಗೆ ಬರುತ್ತಾರೆ. ಉಣ್ಣಿಸುವುದು, ಬೈಬಲ್ ವಚನ ಬಾಯಿಪಾಠ ಮಾಡಿಸುವುದು, ಪ್ರಾರ್ಥನೆಗೆ ಕೂಡಿಸುವುದು ನನ್ನ ಪಾಲಿನ ಸೇವೆ.

ಟಾಂಜಾನಿಯಾದ ಈ ಹುಡುಗಿ ಎರಡು ವರ್ಷದಿಂದ ಬರುತ್ತಿದ್ದಳು. ಸಂತೆಯಲ್ಲಿ ಕಲಿತ ಕನ್ನಡ ಅವಳದು, ಚೌಕಾಸಿ ಮಾಡುವಾಗ ನನಗಿಂತ ಜೋರು. ನನ್ನನ್ನು ಎಲ್ಲರ ಹಾಗೆ ಆಯಿ ಎಂದು ಕರೆಯುತ್ತಿದ್ದಳು. ನಾನು ಹೇಳಿದ್ದನ್ನು ಎರಡನೇ ಸಲ ಹೇಳಿಸಿಕೊಳ್ಳುತ್ತಿರಲಿಲ್ಲ.

ಶುಕ್ರವಾರ ನಮ್ಮದು ಉಪವಾಸ ಕೂಟ. ಮುಂಜಾನೆಯಿಂದ ಮೂರು ಗಂಟೆಯ ತನಕ ಒಲೆ ಹಚ್ಚುವುದಿಲ್ಲ, ನೀರು ಬಿಟ್ಟು ಬೇರೆ ಏನನ್ನೂ ಬಾಯಿಗೆ ಹಾಕುವುದಿಲ್ಲ. ಹಿಂದಿನ ಸಲ ಬಂದಾಗ ಹುಡುಗಿ ಹಿತ್ತಲಲ್ಲಿ ನಿಂತು ಬಿಸ್ಕಿಟ್ ತಿನ್ನುವುದನ್ನು ಕಂಡು ಎಲ್ಲರ ಮುಂದೆ ಬೈದಿದ್ದೆ. "ಉಪವಾಸದಾಗ ನೆವಾ ಹೇಳಬಾರದು. ದೇವರ ಮುಂದ ಕಳ್ಳಾಟ ನಡಿಯಂಗಿಲ್ಲ" ಅಂದಿದ್ದೆ. ಹೆಂಗಸರು ನಕ್ಕರು. ಅವಳೂ ನಕ್ಕಳು, ಬಿಸ್ಕಿಟಿನ ಪುಡಿಯನ್ನು ಅಂಗಿಗೆ ಒರೆಸಿಕೊಂಡಳು.

ಅವಳ ಚೀಲದಲ್ಲಿ ಒಂದು ದಪ್ಪ ಪೆನ್ನು ಇರುತ್ತಿತ್ತು. ಅದನ್ನು ಹಿಡಿದು ಬಚ್ಚಲಿಗೆ ಹೋಗಿ ಬರುತ್ತಿದ್ದಳು. ಬಚ್ಚಲಲ್ಲಿ ಏನು ಬರೆಯುತ್ತಾಳೆ ಎಂದು ನಾನು ಒಮ್ಮೆಯೂ ಕೇಳಲಿಲ್ಲ.

ಈ ಸಲದ ಕೂಟ ಮೂಡಲಗಿಯಲ್ಲಿ, ನಮ್ಮ ಸಭೆಯ ಹೆಂಗಸೊಬ್ಬಳ ಮನೆಯಲ್ಲಿ. ಹುಡುಗಿಯನ್ನು ಕರೆದುಕೊಂಡು ಬಸ್ಸಿನಲ್ಲಿ ಹೋದೆ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು, ಅವುಗಳ ಹಿಂದೆ ತೆವಳಿ ಮುಟ್ಟುವಾಗ ಹನ್ನೊಂದಾಗಿತ್ತು. ಹುಡುಗಿ ಮಾತೇ ಆಡಲಿಲ್ಲ. ಹಸಿದಿರಬೇಕು ಎಂದುಕೊಂಡೆ. ಹಸಿಯಲಿ ಎಂದೇ ಅಲ್ಲವೇ ಉಪವಾಸ.

ಒಂದು ಗಂಟೆಯ ಹೊತ್ತಿಗೆ ಹಾಡು ಮುಗಿದು ಎಲ್ಲರೂ ಕಣ್ಣು ಮುಚ್ಚಿ ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದೆವು. ಹುಡುಗಿಯ ಕೈ ನಡುಗತೊಡಗಿತು. ತಲೆ ಒಂದು ಕಡೆ ವಾಲಿತು. ತನ್ನ ಭಾಷೆಯಲ್ಲಿ ಏನೋ ತೊದಲಿದಳು. ಆತ್ಮ ಇಳಿಯಿತು ಎಂದಳು ಮನೆಯಾಕೆ. ಹಿಂದೆ ಕೂತವಳೊಬ್ಬಳು, ಅಲ್ಲ, ಇದು ದುರಾತ್ಮ, ಬಿಡಿಸಬೇಕು ಎಂದಳು. ಇಬ್ಬರಿಗೂ ತಿಳಿದ ಉಪಾಯ ಒಂದೇ, ದನಿ ಏರಿಸಿದರು. ಹತ್ತು ಹನ್ನೆರಡು ಕೈಗಳು ಅವಳ ತಲೆಯ ಮೇಲೆ, ಹೆಗಲ ಮೇಲೆ. ನನ್ನದೂ ಒಂದು.

ನನ್ನ ಕೈ ಅವಳ ಕುತ್ತಿಗೆಯ ಮೇಲಿತ್ತು. ಕುತ್ತಿಗೆ ತಣ್ಣಗಿತ್ತು, ನೀರು ಸುರಿದ ಹಾಗೆ ಬೆವತಿತ್ತು. ಆ ಬೆವರು ನನಗೆ ಗೊತ್ತು. ಗೋಕಾಕದಲ್ಲಿ ನಮ್ಮ ಬಾಜೂ ಮನೆಯ ಜೈನರ ಮುದುಕಿಗೆ ಸಕ್ಕರೆ ಕಾಯಿಲೆ. ಸೂಜಿ ಚುಚ್ಚಿಕೊಂಡ ಮೇಲೆ ಊಟ ತಡವಾದರೆ ಹೀಗೇ ಬೆವತು, ಸೊಸೆಯನ್ನೇ ನೀ ಯಾರು ಎಂದು ಕೇಳುತ್ತಿದ್ದಳು. ಅದಕ್ಕೇ ಸೆರಗಿನ ತುದಿಯಲ್ಲಿ ಬೆಲ್ಲ ಕಟ್ಟಿಕೊಂಡು ಓಡಾಡುತ್ತಿದ್ದಳು. ಒಮ್ಮೆ ಅವಳ ಮಗ ಹೊಸ ನಮೂನೆಯ ಸೂಜಿ ತಂದಿದ್ದ, ನೋಡಲು ಪೆನ್ನಿನ ಹಾಗೆಯೇ ಇತ್ತು. ಅದು ಈಗ ನೆನಪಾಯಿತು. ಹುಡುಗಿ ಬಚ್ಚಲಿಗೆ ಒಯ್ಯುತ್ತಿದ್ದ ಪೆನ್ನೂ.

"ಕೈ ತಗೀರಿ ಎಲ್ಲಾರೂ. ಪ್ರಾರ್ಥನಾ ಸಾಕು. ಬೆಲ್ಲಾ ತರ್ರಿ."

ಮನೆಯಾಕೆ ಕಣ್ಣು ತೆರೆದಳು. "ಇನ್ನ ಎರಡು ತಾಸು ಐತ್ರಿ ಆಯಿ. ದೇವರು ಕೆಲಸಾ ಮಾಡಾಕತ್ತಾನ. ನಡುವ ಉಪವಾಸ ಮುರೀತೀರೇನು?"

"ನಾ ಮುರೀತೀನಿ. ಪಾಪ ನನ್ನ ತಲಿ ಮ್ಯಾಲಿರಲಿ, ನೀ ಬೆಲ್ಲಾ ತಾ."

ಅವಳು ಏಳಲಿಲ್ಲ. ಉಳಿದವರೂ ಏಳಲಿಲ್ಲ. ಮೂರರ ತನಕ ಏಳಬಾರದು ಎಂದು ಇಷ್ಟು ವರ್ಷ ಅವರಿಗೆ ಕಲಿಸಿದವಳೂ ನಾನೇ. ಅಡುಗೆಮನೆಗೆ ನುಗ್ಗಿ ಡಬ್ಬಿಗಳನ್ನು ಒಂದೊಂದಾಗಿ ತೆರೆದೆ. ಹಿಟ್ಟು, ಬೇಳೆ, ಖಾರ. ಬೆಲ್ಲ ಮೂಲೆಯಲ್ಲಿ ಅರಿವೆ ಸುತ್ತಿಕೊಂಡು ಕೂತಿತ್ತು. ಕಲ್ಲಿನಿಂದ ಜಜ್ಜಿ ಒಂದು ಹೆಂಟೆ ಮುರಿದು, ನೀರು ಹಾಕಿ ಕಿವುಚಿ ತಂದೆ. ಹುಡುಗಿಯ ಕಣ್ಣು ಅರ್ಧ ಮುಚ್ಚಿತ್ತು. ಮೊದಲ ಗುಟುಕು ತುಟಿಯಿಂದ ಹೊರಗೆ ಸೋರಿತು. ಕುಡಿಸುವುದನ್ನು ಬಿಟ್ಟು ಬೆಲ್ಲವನ್ನು ಬೆರಳಿನಿಂದ ಕೆನ್ನೆಯ ಒಳಗೆ ಸವರಿದೆ. ನುಂಗು ಅಂದೆ. ನುಂಗಲಿಲ್ಲ. ಮತ್ತೆ ಸವರಿದೆ. ಎಷ್ಟು ಹೊತ್ತಾಯಿತೋ, ಅವಳ ಗಂಟಲು ಒಮ್ಮೆ ಆಡಿತು.

ಯಾರದೋ ಕಾರು ತರಿಸಿ ಘಟಪ್ರಭಾದ ದವಾಖಾನೆಗೆ ಒಯ್ದೆವು. ಡಾಕ್ಟರ್ ಬೈದರು, ಬಾಯಿ ಮುಚ್ಚಿಕೊಂಡು ಕೇಳಿದೆ. ಸಂಜೆ ಹುಡುಗಿ ಎದ್ದು ಕೂತಳು. ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಮುಂಜಾನೆ ಸೂಜಿ ತಗೊಂಡೆ ಆಯಿ. ಊಟಾ ಮಾಡಲಿಲ್ಲ. ನೆವಾ ಹೇಳಬಾರದು ಅಂತ ನೀವ ಹೇಳಿದ್ರಿ."

ನಿಮ್ಮ ಅವ್ವನಿಗೆ ಫೋನ್ ಹಚ್ಚು ಎಂದು ನಾನೇ ಹಟ ಹಿಡಿದೆ. ಅವ್ವ ಹೆದರಿ ಊರಿಗೆ ಕರೆಸಿಕೊಳ್ಳುತ್ತಾಳೆ ಎಂದು ಅವಳು ಒಲ್ಲೆನೆಂದಳು, ಕೊನೆಗೆ ಹಚ್ಚಿದಳು. ನಡೆದದ್ದನ್ನೆಲ್ಲ ನಾನು ಕನ್ನಡದಲ್ಲಿ ಹೇಳಿದೆ. ಅವಳು ತನ್ನ ಭಾಷೆಯಲ್ಲಿ ನಾಲ್ಕು ಮಾತು ಹೇಳಿ ಮುಗಿಸಿದಳು. ಆ ಕಡೆ ಅವ್ವ ನಕ್ಕಳು. ಹುಡುಗಿ ನನ್ನ ತಪ್ಪನ್ನು ಬಿಟ್ಟು ಹೇಳಿ ನನ್ನನ್ನು ಉಳಿಸಿದ್ದಾಳೆಂದು ಆಗಲೇ ತಿಳಿಯಿತು.

"ನಾ ಇಷ್ಟುದ್ದ ಹೇಳೀನಿ, ನೀ ಗಿಡ್ಡ ಮಾಡಿದಿ. ಪೂರಾ ಹೇಳು. ಬಿಸ್ಕಿಟಿನ ಮಾತೂ ಹೇಳು."

ಈ ಸಲ ಅವಳು ಸಾವಕಾಶ ಹೇಳಿದಳು. ನಾನು ಹಾಸಿಗೆಯ ಬಾಜೂ ನಿಂತೇ ಇದ್ದೆ. ಆಮೇಲೆ ಅವ್ವ ಏನೋ ಕೇಳಿದಳು.

"ಏನಂತಾರ?"

"ಮುಂದಿನ ಶುಕ್ರವಾರ ನನಗ ಯಾರು ಊಟಾ ಕೊಡತಾರ ಅಂತ ಕೇಳತಾರ."

"ನಾ ಕೊಡತೀನಿ ಅಂತ ಹೇಳು."

ಹುಡುಗಿ ಈಗಲೂ ಬರುತ್ತಾಳೆ. ಅವಳಿದ್ದ ಶುಕ್ರವಾರ ಮುಂಜಾನೆ ನಮ್ಮ ಮನೆಯಲ್ಲಿ ಒಲೆ ಹಚ್ಚುತ್ತೇನೆ, ಅವಳು ಉಂಡು ಮುಗಿಸುವ ತನಕ ಎದುರಿಗೆ ಕೂರುತ್ತೇನೆ, ಆಮೇಲೆ ಕೂಟ. ಒಲೆ ಹಚ್ಚಿದ ಮನೆಯಲ್ಲಿ ಉಪವಾಸವೇನು ಎಂದು ಮೂಡಲಗಿಯಾಕೆ ಬರುವುದನ್ನು ಬಿಟ್ಟಳು. ಬಿಡಲಿ. ಹುಡುಗಿಗೆ ಒಂದು ರೊಟ್ಟಿ ಸಾಲುವುದಿಲ್ಲ, ಎರಡು ಬಡಿಯುತ್ತೇನೆ.