ಕೇಳಿಸದ ಕಡೆ ಖಾಲಿ ಬಿಡುವ ಕಿವಿಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಗೆ ಅಂಟಿಕೊಂಡ ಪುಟ್ಟ ಕೋಣೆಯಲ್ಲಿ ಟಕಟಕ ಸದ್ದು. ಮೇಜಿನ ಕೆಳಗೆ ಹೊಲಿಗೆ ಯಂತ್ರಕ್ಕಿರುವಂಥ ಪೆಡಲ್ ಇದೆ. ಒತ್ತಿದರೆ ಧ್ವನಿ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ, ಐವತ್ತು ದಾಟಿದ ಹೆಂಗಸು ಯಾರೋ ಅಜ್ಜಿಯ ಮಾತು ಕೇಳುತ್ತಾ, ಟೈಪ್ ಮಾಡುತ್ತಾ ತಮ್ಮಷ್ಟಕ್ಕೆ ನಗುತ್ತಿದ್ದಾರೆ. ಪಕ್ಕದ ಮನೆಯ ಕುಕ್ಕರ್ ಕೂಗುವ ಮೊದಲು ಸಿಗುವ ಈ ನಿಶ್ಶಬ್ದವೇ ಅವರ ಕಚೇರಿ.

ಸಂಶೋಧನೆ ಮಾಡುವ ಹುಡುಗ ಹುಡುಗಿಯರು ಇವರನ್ನು ಕರೆಯುವುದು ಕಿವಿಯಕ್ಕ ಎಂದು. ಪಿಎಚ್.ಡಿ.ಗಾಗಿ ಅವರು ಎಲ್ಲೆಲ್ಲೋ ಅಲೆದು, ಜನರನ್ನು ಮಾತಾಡಿಸಿ, ರೆಕಾರ್ಡ್ ಮಾಡಿಕೊಂಡು ಬರುತ್ತಾರೆ. ಆ ಮಾತನ್ನು ಒಂದಕ್ಷರ ಬಿಡದೆ ಬರಹಕ್ಕೆ ಇಳಿಸುವುದು ಕಿವಿಯಕ್ಕನ ಕೆಲಸ. ಒಂದು ಗಂಟೆಯ ಮಾತಿಗೆ ಹೆಚ್ಚುಕಡಿಮೆ ಇಡೀ ದಿನ ಹಿಡಿಯುತ್ತದೆ. ಇತಿಹಾಸದವರು ಹಳೆಯ ನಾಟಕದ ನಟರ ಮಾತು ತರುತ್ತಾರೆ, ಸಮಾಜಶಾಸ್ತ್ರದವರು ಮುಚ್ಚಿಹೋದ ಗಿರಣಿಯ ಕೆಲಸಗಾರರದ್ದನ್ನು. ಎಂಜಿನಿಯರಿಂಗ್ ಹುಡುಗನೊಬ್ಬ ತಾನು ಮಾಡಿದ ಕೃತಕ ಕಾಲು ತೊಟ್ಟವರ ಬೈಗುಳ ತಂದಿದ್ದನಂತೆ.

"ಬೈದಿದ್ದನ್ನೂ ಬರೀಬೇಕೇನಪ್ಪಾ ಅಂದೆ. ಅದೇ ಮುಖ್ಯ ಅಕ್ಕಾ, ಕಾಲು ಎಲ್ಲಿ ಚುಚ್ಚುತ್ತೆ ಅಂತ ಗೊತ್ತಾಗೋದೇ ಅದ್ರಿಂದ ಅಂದ. ಸರಿ, ಎಲ್ಲಾ ಬರೆದೆ. ಬರೆಯೋವಾಗ ನಾನೇ ಕೆಂಪಗಾಗಿದ್ದೆ."

ತಂದೆ ತೀರಿಕೊಂಡ ಮೇಲೆ ಕಿವಿಯಕ್ಕನ ಓದು ಅರ್ಧಕ್ಕೆ ನಿಂತಿತು. ಕಾಲೇಜಿನ ಗೇಟಿನೆದುರು ಬೆರಳಚ್ಚು ಯಂತ್ರ ಇಟ್ಟುಕೊಂಡು ಪ್ರಬಂಧಗಳನ್ನು ಟೈಪ್ ಮಾಡುತ್ತಿದ್ದವರ ಕೈಗೆ ಒಂದು ದಿನ ಯಾರೋ ಕ್ಯಾಸೆಟ್ ಕೊಟ್ಟರು. ಅಂದಿನಿಂದ ಇದೇ ಬದುಕು. ಪ್ರಬಂಧಗಳ ಕೃತಜ್ಞತೆಯ ಪುಟದಲ್ಲಿ ಮಾರ್ಗದರ್ಶಕರಿಗೆ, ಅತ್ತೆ ಮಾವನಿಗೆ, ಸಾಕಿದ ಬೆಕ್ಕಿಗೆ ಕೂಡ ಜಾಗ ಇರುತ್ತದೆ. ಇವರ ಹೆಸರು ಹುಡುಕಿದರೂ ಸಿಗುವುದಿಲ್ಲ. ಅವರ ಬಗ್ಗೆ ಬರೆಯಲು ಹೋದ ನನಗೆ ಸಿಟ್ಟು ಬಂತು, ಅವರಿಗೆ ಬರಲಿಲ್ಲ. "ಬೆಕ್ಕು ಪಾಪ ಜೊತೇಲಿ ನಿದ್ದೆಗೆಟ್ಟಿರುತ್ತಲ್ಲ, ಇರ್ಲಿ ಬಿಡಿ" ಎನ್ನುತ್ತಾರೆ.

ಕೆಲಸದಲ್ಲಿ ಮಾತ್ರ ಅವರದು ಒಂದು ಹಟ. ಎಷ್ಟು ಸಲ ಹಿಂದೆ ಮುಂದೆ ಓಡಿಸಿದರೂ ಮಾತು ತಿಳಿಯದಿದ್ದರೆ, ಅಲ್ಲಿ ಖಾಲಿ ಬಿಟ್ಟು 'ಕೇಳಿಸಲಿಲ್ಲ' ಎಂದು ಬರೆಯುತ್ತಾರೆ. ಅಂದಾಜಿನ ಮೇಲೆ ತುಂಬಿಸುವುದಿಲ್ಲ. "ಇನ್ನೊಬ್ಬರ ಬಾಯಿಗೆ ನನ್ನ ಮಾತು ತುರುಕೋಕೆ ನಾನ್ಯಾರು?"

ಕಳೆದ ವರ್ಷ ಈ ಖಾಲಿ ಜಾಗಗಳು ಹೆಚ್ಚುತ್ತಾ ಹೋದವು. ಗಿರಣಿಯಲ್ಲಿ ನೂಲು ತೆಗೆಯುತ್ತಿದ್ದ ಹೆಂಗಸರ ಬಗ್ಗೆ ಸಂಶೋಧನೆ ಮಾಡುವ ಹುಡುಗಿಯ ರೆಕಾರ್ಡಿಂಗ್‌ಗಳು ಅವು. ತಮ್ಮ ಹೆಡ್‌ಫೋನಿನಲ್ಲಿ ಎಡಗಡೆ ಕೆಟ್ಟು ಬಲಗಡೆ ಮಾತ್ರ ಕೇಳಿಸುತ್ತಿತ್ತು; ಆದರೂ ರೆಕಾರ್ಡ್ ಮಾಡಿದ ಹಳೇ ಫೋನಿನದೇ ತಪ್ಪು ಎಂದುಕೊಂಡರು ಕಿವಿಯಕ್ಕ. ಒಂದು ದಿನ ಹುಡುಗಿ ಪೂರ್ತಿಯಾದ ಅಧ್ಯಾಯ ತಂದಳು. ತಾವು ಖಾಲಿ ಬಿಟ್ಟಿದ್ದ ಕಡೆಯೆಲ್ಲ ಅಜ್ಜಿಯೊಬ್ಬರ ಸಾಲು ಸಾಲು ಮಾತು. ಕಿವಿಯಕ್ಕನಿಗೆ ಪಿತ್ತ ನೆತ್ತಿಗೇರಿತು.

"ಇಷ್ಟೆಲ್ಲ ನೀನೇ ಕಟ್ಟಿ ಬರೆದಿದೀಯಲ್ಲಮ್ಮ, ನಾಚಿಕೆ ಆಗಲ್ವಾ ಅಂತ ಬೈದ್ಬಿಟ್ಟೆ. ಅವಳು ಮೆಲ್ಲಗೆ ತನ್ನ ಇಯರ್‌ಫೋನ್ ತೆಗೆದು ನನ್ನ ಎಡಗಿವಿಗೆ ಇಟ್ಳು. ಅಜ್ಜಿ ಎದುರಿಗೇ ಕೂತು ಹೇಳ್ತಿರೋ ಹಾಗಿತ್ತು. ಬಲಗಿವಿಗೆ ಇಟ್ಳು. ಬರೀ ಗುಂಯ್ ಅಂತಿತ್ತು."

ಹುಡುಗಿಗೆ ಯಾವತ್ತೋ ಗೊತ್ತಾಗಿತ್ತು. ಹೇಳಲು ಬಾಯಿ ಬರದೆ, ಖಾಲಿ ಜಾಗಗಳನ್ನು ತಾನೇ ಕೇಳಿ ತುಂಬಿಸಿಕೊಳ್ಳುತ್ತಿದ್ದಳು. "ನಾನು ಕರೆದ್ರೆ ಮಾತ್ರ ಇವಳಿಗೆ ಕೇಳ್ಸಲ್ಲ ಅಂತ ತಮಾಷೆ ಮಾಡ್ತಿದ್ದೆ" ಎಂದು ಒಳಗಿಂದ ಬಂದ ಕಿವಿಯಕ್ಕನ ಅತ್ತೆ ಸೊಸೆಯ ಪಕ್ಕ ಕೂರುತ್ತಾರೆ. "ಈಗ ಯಾಕಾದ್ರೂ ಅಂದ್ನೋ ಅನ್ಸುತ್ತೆ."

ಬಲಗಿವಿ ಸರಿಹೋಗುವುದಿಲ್ಲ ಎಂದಿದ್ದಾರೆ ಡಾಕ್ಟರು. ಎಡಗಿವಿಯನ್ನಾದರೂ ಉಳಿಸಿಕೊಳ್ಳಬೇಕೆಂದರೆ ಹೆಡ್‌ಫೋನ್ ಕಡಿಮೆ ಮಾಡಬೇಕಂತೆ. ಈಗ ಬೆಳಿಗ್ಗೆ ಮಾತ್ರ, ಸಣ್ಣ ಧ್ವನಿಯಲ್ಲಿ ಕೆಲಸ. ಈ ಸಂಗತಿ ಉಳಿದ ಸಂಶೋಧಕರಿಗೆ ಇನ್ನೂ ತಿಳಿದಿಲ್ಲ. ತಿಳಿದರೆ ಕಿವಿ ಮಂದವಾದ ಕಿವಿಯಕ್ಕನ ಹತ್ತಿರ ಯಾರು ಬರುತ್ತಾರೆ? ಮೂವತ್ತು ವರ್ಷದ ಕಸುಬು ನಿಂತುಹೋಗಬಹುದು. ಹಾಗಾಗಿ ನನ್ನ ಟಿಪ್ಪಣಿ ಪುಸ್ತಕ ಮುಚ್ಚಿಟ್ಟು ಕೇಳಿದೆ, ಇದನ್ನು ಬಿಟ್ಟು ಬರೆಯಲೇ ಎಂದು.

ಅವರು ಅತ್ತೆಯ ಮುಖ ನೋಡಿದರು. ಆಮೇಲೆ, "ಬರೀರಿ" ಎಂದರು. "ಯಾರೋ ಓದಿ ದೊಡ್ಡ ಪುಸ್ತಕ ಬರೀತಾರೆ, ನನ್ನ ಕಿವಿ ನಂಬ್ಕೊಂಡು. ಅವ್ರಿಗೆ ಗೊತ್ತಿರ್ಬೇಕು. ಆದ್ರೂ ಬರೋರು ಬರ್ಲಿ, ಒಂದು ಕಿವಿಗೆ ಎಷ್ಟು ಕೇಳ್ಸುತ್ತೋ ಅಷ್ಟು ಬರ್ಕೊಡ್ತೀನಿ."

ಮುಂದಿನ ತಿಂಗಳು ಆ ಹುಡುಗಿಯ ಪಿಎಚ್.ಡಿ. ಮೌಖಿಕ ಪರೀಕ್ಷೆ. ಯಾರು ಬೇಕಾದರೂ ಹೋಗಿ ಕೂರಬಹುದು. ಗಿರಣಿಯ ಅಜ್ಜಿಯನ್ನೂ ಕರೆಸುತ್ತಿದ್ದಾಳೆ. ಇಷ್ಟು ವರ್ಷಗಳಲ್ಲಿ ತಾವು ಕೇಳಿಸಿಕೊಂಡ ಒಬ್ಬರ ಮುಖವನ್ನೂ ಕಿವಿಯಕ್ಕ ನೋಡಿಲ್ಲ.

"ಅಜ್ಜಿಯ ಬಲಗಡೆ ಕುರ್ಚಿ ನನಗೆ ಇಟ್ಟಿರು ಅಂತ ಹುಡುಗಿಗೆ ಹೇಳಿದೀನಿ. ನನ್ನ ಎಡಗಿವಿ ಅವ್ರ ಕಡೆಗೆ ಇರ್ಬೇಕು."