ಬಿಸಿಲೇರುವ ತನಕ ಕಾಯುವ ಬಷೀರಾ

ಪುಷ್ಯ ಮಾಸದ ನಸುಕು. ಶಹಾಬಾದಿನ ಪರಸಿಕಲ್ಲಿನ ಖಣಿಯಲ್ಲಿ ಚಳಿ ಅಂದರೆ ಚಳಿ; ಮೈಮೇಲೆ ಎರಡು ಅಂಗಿ ಇದ್ದರೂ ಖಣಿ ನೋಡಲು ಬಂದ ನನ್ನ ಹಲ್ಲು ಕಟಕಟ ಅನ್ನುತ್ತಿವೆ. ಕೆಳಗೆ ಆಳುಗಳು ಹಾರೆ ಹಾಕಿ ಹಾಸುಗಲ್ಲೊಂದನ್ನು ಮೀಟುತ್ತಿದ್ದಾರೆ. ಕಲ್ಲು ಏಳುತ್ತಲೇ ಎಲ್ಲರೂ ಹಾರೆ ಬಿಟ್ಟು ಹಿಂದೆ ಸರಿಯುತ್ತಾರೆ. ಎರಡು ಪದರಿನ ನಡುವಿನ ಸಂದಿಯಲ್ಲಿ ನಾಗರಹಾವೊಂದು ಸುರುಳಿ ಸುತ್ತಿ ಬಿದ್ದಿದೆ. ಹೆಡೆ ಎತ್ತುವುದಿಲ್ಲ, ಮಿಸುಕುವುದಿಲ್ಲ. ಮೇಸ್ತ್ರಿ ರೇವಣಪ್ಪ ಅದಕ್ಕೆ ಕೈಮುಗಿದು, ಬಷೀರಾಳನ್ನು ಕರೆಯಲು ಹೇಳುತ್ತಾನೆ.

ಕಲ್ಲುಚೂರಿನ ಬುಟ್ಟಿ ಇಳಿಸಿ ಬರುವ ಬಷೀರಾಗೆ ಮೂವತ್ತೈದರ ಆಸುಪಾಸು. ಹರಕು ಗೋಣಿತಟ್ಟನ್ನು ಮಡಚಿ ಹಾವಿನ ಕೆಳಗೆ ಸರಿಸುತ್ತಾಳೆ. ಕೋಲಿನ ಆಸರೆಯಲ್ಲಿ ಮೆಲ್ಲಗೆ ಎತ್ತಿ, ಬಿಸಿಲು ಮೊದಲು ಬೀಳುವ ಚಪ್ಪಟೆ ಕಲ್ಲಿನ ಮೇಲೆ ಇಡುತ್ತಾಳೆ. ಆಮೇಲೆ ನಾಲ್ಕು ಮಾರು ದೂರದಲ್ಲಿ ಕೂತುಬಿಡುತ್ತಾಳೆ. ನಾನು ಅದಕ್ಕಿಂತ ಬಹಳ ಹಿಂದೆ. ಧೈರ್ಯದ ಮಾತು ನನ್ನ ಹತ್ತಿರ ಬೇಡ.

ಹಾವು ಸತ್ತಿದೆಯೋ ಮಲಗಿದೆಯೋ ಹೇಳುವುದು, ಚಳಿಗಾಲದಲ್ಲಿ ಈಕೆಯ ಮೇಲೆ ಬಿದ್ದಿರುವ ಹೆಚ್ಚಿನ ಕೆಲಸ ಇಷ್ಟೇ. ಹಾವು, ಉಡ, ಓತಿಕ್ಯಾತಗಳಿಗೆ ನಮ್ಮ ಹಾಗೆ ಮೈಯೊಳಗಿನ ಕಾವು ಇಲ್ಲ. ಹೊರಗಿನ ಬಿಸಿಯೇ ಅವುಗಳ ಬಿಸಿ. ದೀಪಾವಳಿ ಕಳೆದು ಚಳಿ ಬಲಿತಂತೆ ಅವು ಬೇಟೆ ಬಿಟ್ಟು ಸಂದಿ ಸೇರುತ್ತವೆ. ಉಸಿರು ನಿಧಾನ, ಎದೆಬಡಿತ ನಿಧಾನ. ಮೈಯಲ್ಲಿ ಕೂಡಿಟ್ಟ ಕೊಬ್ಬನ್ನೇ ಕರಗಿಸಿಕೊಳ್ಳುತ್ತ ಶಿವರಾತ್ರಿಯ ತನಕ ದಿನ ನೂಕುತ್ತವೆ. ಹಿಮ ಬೀಳುವ ಸೀಮೆಯಲ್ಲಿರುವಂಥ ಗಾಢ ನಿದ್ದೆ ನಮ್ಮಲ್ಲಿಲ್ಲ. ಬಿಸಿಲು ಚುರುಕಾದ ದಿನ ಹೊರಗೆ ಬಂದು ಮೈ ಕಾಯಿಸಿಕೊಳ್ಳುವುದೂ ಉಂಟು. ಆದರೆ ನಸುಕಿನಲ್ಲಿ ಕಲ್ಲೆತ್ತಿ ನೋಡಿದವರ ಪಾಲಿಗೆ ಅದು ಸತ್ತ ಹಾವೇ.

ಸತ್ತ ನಾಗರಹಾವನ್ನು ಈ ಖಣಿಯಲ್ಲಿ ಯಾರೂ ಎಸೆಯುವುದಿಲ್ಲ. ಹಾಲು ತುಪ್ಪ ಎರೆದು, ತಾಮ್ರದ ಕಾಸೊಂದನ್ನು ಜೊತೆಗಿಟ್ಟು, ಮನುಷ್ಯರಿಗೆ ಮಾಡಿದಂತೆಯೇ ಸುಡುತ್ತಾರೆ. ಮೂರು ವರ್ಷದ ಹಿಂದೆ, ಮೋಡ ಕವಿದ ಒಂದು ಮುಂಜಾನೆ, ಕೆಲಸ ನಿಂತಿತೆಂದು ಎಲ್ಲರೂ ಅವಸರ ಮಾಡಿದರು. ಬಷೀರಾ ಮುಟ್ಟಿ ನೋಡಿ ಸತ್ತಿದೆ ಅಂದುಬಿಟ್ಟಳು. ಕೊಳ್ಳಿ ಇಟ್ಟರು. ಬೆಂಕಿಯ ಕಾವು ತಾಗಿ ಹಾವು ಎದ್ದಿತು; ಉಳಿಯಲಿಲ್ಲ. ರೇವಣಪ್ಪ ಆಕೆಗೆ ಒಂದು ಮಾತೂ ಅನ್ನಲಿಲ್ಲವಂತೆ. ಆಕೆಯೇ ಎಷ್ಟೋ ದಿನ ನೆಟ್ಟಗೆ ರೊಟ್ಟಿ ಮುರಿಯಲಿಲ್ಲ. ಅಂದಿನಿಂದ ಬಿಸಿಲೇರದೆ ಬಾಯಿ ಬಿಡುವುದಿಲ್ಲ.

"ಆಕಿ ಹೇಳೂತನಾ ನಾವು ಕಲ್ಲು ಮುಟ್ಟಂಗಿಲ್ರಿ" ಎಂದು ರೇವಣಪ್ಪ ಬೀಡಿ ಹಚ್ಚುತ್ತಾನೆ.

ಇಷ್ಟು ನಂಬುವ ಜನವೇ ಊಟಕ್ಕೆ ಕೂತಾಗ ಈಕೆಯಿಂದ ತುಸು ಸರಿದು ಕೂರುತ್ತಾರೆ. ಹಾವು ಮುಟ್ಟುವ ಕೈ ಎಂದು ನೀರನ್ನೂ ಮೇಲಿನಿಂದ ಹೊಯ್ಯುತ್ತಾರೆ. ಕೇಳಿ ನನಗೆ ಸಿಟ್ಟು ಬರುತ್ತದೆ. ಆದರೆ ಇಷ್ಟು ದೂರ ಕೂತ ನಾನು ಯಾವ ಮುಖ ಇಟ್ಟುಕೊಂಡು ಮಾತಾಡಲಿ? ಹೆದರಿಕೆ ಆಗುವುದಿಲ್ಲವೇ ಎಂದಷ್ಟೇ ಕೇಳುತ್ತೇನೆ.

"ಮೊದಲ ಭಾಳ ಆಗತಿತ್ತು. ಈಗ ಕಡದ್ರ ಅಳಾಕ ಮನ್ಯಾಗ ಯಾರದಾರ್ರಿ ನನಗ?"

ಇದ್ದವನು ಗಂಡ ಶೌಕತ ಅಲಿ, ಇದೇ ಖಣಿಯಲ್ಲಿ ಕಲ್ಲು ಸೀಳುತ್ತಿದ್ದವನು. ನಲವತ್ತೆಂಟರಲ್ಲಿ, ಹೈದರಾಬಾದಿನ ಮೇಲೆ ಪೊಲೀಸ್ ಕಾರ್ಯಾಚರಣೆ ನಡೆದು ಊರೂರಲ್ಲಿ ಕೊಲೆಗಳಾದ ದಿನಗಳಲ್ಲಿ, ತಾಯಿಯನ್ನು ಕರೆತರುತ್ತೇನೆಂದು ಚಿತ್ತಾಪುರದ ಕಡೆ ಹೊರಟ. ತಾಯಿಯ ಮನೆಯನ್ನೂ ಮುಟ್ಟಲಿಲ್ಲ, ತಿರುಗಿಯೂ ಬರಲಿಲ್ಲ. ಐದು ವರ್ಷ ದಾಟಿತು. ಬದುಕಿದ್ದನ್ನು ಕಂಡೆ ಅಂದವರಿಲ್ಲ, ಸತ್ತದ್ದನ್ನು ಕಂಡೆ ಅಂದವರೂ ಇಲ್ಲ.

ಇಂದು ವಾಡಿಯಿಂದ ಬಷೀರಾಳ ತಮ್ಮ ಮೆಹತಾಬ್ ಬಂದಿದ್ದಾನೆ. ಅಲ್ಲಿ ರೈಲ್ವೆಯಲ್ಲಿರುವ, ಹೆಂಡತಿ ತೀರಿಕೊಂಡ ಒಬ್ಬರು ಬಷೀರಾಳನ್ನು ಮದುವೆಯಾಗಲು ಒಪ್ಪಿದ್ದಾರಂತೆ, ಒಳ್ಳೆಯ ಮನುಷ್ಯ. ಗಂಡ ತೀರಿಕೊಂಡ ಎಂದು ಈಕೆ ಒಂದು ಮಾತು ಹೇಳಿದರೆ ಸಾಕು, ಶುಕ್ರವಾರ, ಜುಮ್ಮಾ ದಿನ, ತೀರಿಕೊಂಡವರ ಹೆಸರಲ್ಲಿ ಓದುವ ಫಾತಿಹಾ ಓದಿಸಿ ಮುಂದಿನದಕ್ಕೆ ದಾರಿ ಮಾಡುತ್ತೇನೆ ಅನ್ನುತ್ತಾನೆ ಮೆಹತಾಬ್. ಸಂಜೆಯೊಳಗೆ ಉತ್ತರ ಮುಟ್ಟದಿದ್ದರೆ ಅವರು ಬೇರೆ ಕಡೆ ನೋಡುತ್ತಾರೆ. ಅಕ್ಕ ಈ ಕಲ್ಲುಗಳ ನಡುವೆ ಒಬ್ಬಳೇ ಮುದುಕಿಯಾಗುವುದನ್ನು ಅವನಿಂದ ನೋಡಲಾಗುವುದಿಲ್ಲ. ಇಷ್ಟನ್ನು ನನಗೆ ಕನ್ನಡದಲ್ಲಿ ಹೇಳಿ, ಅಕ್ಕನನ್ನು ದಖನಿ ಉರ್ದುವಿನಲ್ಲಿ ಬೇಡುತ್ತಾನೆ, ಬೈಯುತ್ತಾನೆ, ಕಣ್ಣೊರೆಸಿಕೊಳ್ಳುತ್ತಾನೆ. ಬಷೀರಾ ಹಾವಿನ ಮೇಲಿನ ಕಣ್ಣು ತೆಗೆಯದೆ, ನನಗೂ ತಿಳಿಯಲೆಂದೋ ಏನೋ, ಕನ್ನಡದಲ್ಲಿ ಹೇಳುತ್ತಾಳೆ.

"ಸತ್ತದ ಅಂತ ಒಮ್ಮಿ ಹೇಳೀನಿ ಮೆಹತಾಬ್. ಕೊಳ್ಳಿ ಇಟ್ಟ ಮ್ಯಾಲ ಅದು ಎದ್ದಿತು."

ತಮ್ಮನೂ ಹಾವಿನ ಕಡೆ ತಿರುಗಿ ಕೂರುತ್ತಾನೆ.

ಬಿಸಿಲು ಏರಿ ಕಲ್ಲು ಕಾಯುತ್ತದೆ. ಹಾವಿನ ಬಾಲದ ತುದಿ ಸಣ್ಣಗೆ ಅಲುಗುತ್ತದೆ. ಇನ್ನಷ್ಟು ಹೊತ್ತಿಗೆ ಅದು ನಾಲಿಗೆ ಚಾಚಿ, ಮೈ ಬಿಡಿಸಿಕೊಂಡು, ಯಾರ ಕಡೆಯೂ ನೋಡದೆ ಕಲ್ಲುಗುಪ್ಪೆಯೊಳಗೆ ಹರಿದು ಹೋಗುತ್ತದೆ. ಆಳುಗಳು ಹಾರೆ ಎತ್ತಿಕೊಳ್ಳುತ್ತಾರೆ. ಮೆಹತಾಬ್ ತಾನು ತಂದ ಸೇಂಗಾದ ಪೊಟ್ಟಣವನ್ನು ಅಕ್ಕನ ಕೈಯಲ್ಲಿಟ್ಟು ಸ್ಟೇಷನ್ನಿನ ದಾರಿ ಹಿಡಿಯುತ್ತಾನೆ.

ಅವನು ಕಣ್ಮರೆಯಾದ ಮೇಲೆ ನಾನು ಕೇಳಬಾರದ್ದನ್ನು ಕೇಳಿಬಿಡುತ್ತೇನೆ. ಗಂಡ ಬದುಕಿದ್ದಾನೆ ಎಂದು ನಿಜವಾಗಿಯೂ ಅನಿಸುತ್ತದೆಯೇ? ಬಷೀರಾ ಸಿಂಬಿ ಸರಿಪಡಿಸಿಕೊಂಡು ಬುಟ್ಟಿಯನ್ನು ತಲೆಗೇರಿಸುತ್ತಾಳೆ.

"ಇಲ್ರೀ. ಅಂವ ಬರಂಗಿಲ್ಲ, ನನಗ ಗೊತ್ತದ. ಆದ್ರ ನಾ ಹೇಳಂಗಿಲ್ಲ. ಕಣ್ಣಿಲೆ ನೋಡಿದವ್ರು ಯಾರರೆ ಒಬ್ರು ಬಂದು ಹೇಳಲಿ. ಅಷ್ಟ ಸಾಕ್ರಿ ನನಗ."